ಚೌಕಾಬಾರ ಎರಡಾದ ಮೇಲೆ

ಹಲಸೂರು,
ಭಾನುವಾರ, ೧೯ ಫೆಬ್ರವರಿ ೨೦೦೬

ಪ್ರೀತಿಯ ರಮ್ಯಶ್ರೀ,

ನಾವೆಲ್ಲ ಇಲ್ಲಿ ಆರಾಮ. ಅಪ್ಪನ ಮಂಡಿನೋವು ಬಿಟ್ಟರೆ ಹೇಳಿಕೊಳ್ಳುವಂಥ ಕಾಯಿಲೆ ಯಾರಿಗೂ ಇಲ್ಲ. ನಿಮ್ಮ ಮನೆಯಲ್ಲೂ ಎಲ್ಲರೂ ಗಟ್ಟಿಮುಟ್ಟಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಕಳಿಸಿದ ಹೊಸವರ್ಷದ ಕಾರ್ಡು ತಲುಪಿ ಬಹಳ ದಿನವಾಯಿತು, ಉತ್ತರ ಇಷ್ಟು ತಡವಾಗಿದ್ದಕ್ಕೆ ಬೈಯಬೇಡ. ಕಾರ್ಡಿನಲ್ಲಿ ನಿನ್ನ ಸಹಿ ಒಂದೇ ಇತ್ತು. ಬರೀ ಸಹಿಗೆ ಏನಂತ ಉತ್ತರ ಬರೆಯುವುದು ಅಂತ ಯೋಚಿಸುವುದರಲ್ಲೇ ಸಂಕ್ರಾಂತಿ ಮುಗಿದು ಶಿವರಾತ್ರಿ ಬಾಗಿಲಿಗೆ ಬಂತು.

ಹಲಸೂರಿನಿಂದ ಕೆ.ಆರ್. ಪುರಕ್ಕೆ ಯಾರಾದರೂ ಅಂಚೆಯಲ್ಲಿ ಕಾಗದ ಹಾಕುತ್ತಾರೆಯೇ ಅಂತ ನೀನು ನಗುತ್ತೀಯ, ಗೊತ್ತು. ಏನು ಮಾಡಲಿ ಹೇಳು? ಫೋನ್ ಮಾಡಿದರೆ ಇಬ್ಬರೂ "ಹೂಂ, ಮತ್ತೆ?" ಅಂದು ಇಟ್ಟುಬಿಡುತ್ತೇವೆ. ನಮ್ಮ ಸಾಫ್ಟ್‌ವೇರ್ ಗುಂಪಿನ ಮೈಲಿಂಗ್ ಲಿಸ್ಟಿಗೆ ಇ-ಮೇಲ್ ಬರೆದರೆ ಅದರಲ್ಲಿರುವ ಅಷ್ಟೂ ಜನ ಓದುತ್ತಾರೆ, ಓದಿದ್ದು ಸಾಲದು ಅಂತ ಸಲಹೆಯನ್ನೂ ಕೊಡುತ್ತಾರೆ. ನಮ್ಮ ಜಗಳಕ್ಕೆ ಈಗಾಗಲೇ ಬೇಕಾದಷ್ಟು ಸಲಹೆ ಬಂದಿದೆ. ನಾನು ಹೇಳಬೇಕಾಗಿರುವುದು ನಿನಗೊಬ್ಬಳಿಗೆ: ನೀನು ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದೀಯ, ಮತ್ತೆ ಬರಬೇಕು. ಉಳಿದಿದ್ದೆಲ್ಲ ಊರ ಸುದ್ದಿ, ಚಹಾ ಕುಡಿಯುತ್ತಾ ಓದು.

ಅಮ್ಮ ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ, "ಆ ರಮ್ಯಾ ಯಾಕ ಬರವಲ್ಲಳು? ನೀ ಏನರ ಅಂದೀಯೇನು?" ಅಂತ. ಇವಳು ಹೇಗೂ ಬಿಡುವವಳಲ್ಲ ಅಂತ ಒಂದು ದಿನ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಫೋರ್ಕ್ ಅಂದರೇನು ಅಂತ ವಿವರಿಸಿದೆ. ನಾವಿಬ್ಬರೂ ಸೇರಿ ಬರೆದ ಕಂಪ್ಯೂಟರ್ ಆಟದ ಕೋಡ್ ಮುಚ್ಚಿಟ್ಟ ಆಸ್ತಿಯಲ್ಲ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಿ ಹಂಚಬಹುದು. ಒಟ್ಟಿಗೆ ಬರೆಯುವವರಿಗೆ ಒಮ್ಮತ ಬರದಿದ್ದರೆ ಒಬ್ಬರು ಪೂರ್ತಿ ಕೋಡನ್ನು ನಕಲು ಮಾಡಿಕೊಂಡು ಬೇರೆ ಹೆಸರಿನಲ್ಲಿ ತಮ್ಮ ದಾರಿ ಹಿಡಿಯುತ್ತಾರೆ, ಅದೇ ಫೋರ್ಕ್ ಅಂದೆ. ಅಮ್ಮ ರೊಟ್ಟಿ ತಿರುವಿ ಹಾಕಿ, "ಅಂದ್ರ ಬ್ಯಾರೆ ಒಲಿ ಹೂಡೀರಿ ಅನ್ನು," ಅಂದಳು. ಹೌದು ಅಂದೆ. "ಪಾತ್ರಿ ಪಗಡ ಯಾರಿಗೆಷ್ಟು ಬಂತು?" ಇಬ್ಬರಿಗೂ ಪೂರ್ತಿ ಬಂತಮ್ಮಾ, ಯಾರಿಗೂ ಒಂದು ಚಮಚ ಕಡಿಮೆಯಾಗಲಿಲ್ಲ ಅಂದೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಹಂಗಿದ್ರ ಜಗಳ ಯಾತಕ್ಕ? ನಿಮ್ಮಪ್ಪ, ನಿಮ್ಮ ಕಾಕಾ ಒಂದು ಹಂಡೇದ ಸಲುವಾಗಿ ಮಾತು ಬಿಟ್ಟಾರ!" ಹೊರಗೆ ಕೂತಿದ್ದ ಅಪ್ಪ ಅಲ್ಲಿಂದಲೇ, "ಆ ಹಂಡೇ ನಂದೇ ಇತ್ತು," ಅಂತ ಕೂಗಿದರು.

ಆದರೆ ನಮ್ಮ ಜಗಳ ಶುರುವಾಗಿದ್ದೂ ಇದೇ ಅಮ್ಮನಿಂದ. ಚೌಕಾಬಾರವನ್ನು ಕಂಪ್ಯೂಟರಿಗೆ ಹಾಕಿ ಮೊದಲ ಸಲ ತೋರಿಸಿದಾಗ ಪರದೆಯ ಮೇಲೆ ಕವಡೆ ಉರುಳಿ ಅವಳಿಗೆ ಒಂದು ಬಿತ್ತು, ಮತ್ತೆ ಒಂದು, ಮತ್ತೂ ಒಂದು. "ಈ ಪೆಟ್ಟಿಗಿ ಮೋಸ ಮಾಡ್ತದ. ತಡಿ, ನನ್ನ ಕವಡಿ ತರ್ತೀನಿ," ಅಂದು ಎದ್ದುಹೋಗಿ ಡಬ್ಬಿಯಿಂದ ತನ್ನ ಕವಡೆ ತಂದು ನೆಲದ ಮೇಲೆ ಹಾಕಿದಳು. ನನಗೆ ಅದೇ ಸರಿ ಅನ್ನಿಸಿತು. ಕವಡೆ ಕೈಯಲ್ಲೇ ಉರುಳಬೇಕು, ಬಿದ್ದ ಲೆಕ್ಕವನ್ನು ಆಡುವವರು ಒತ್ತಬೇಕು, ಕಂಪ್ಯೂಟರು ಕಾಯಿ ನಡೆಸಿದರೆ ಸಾಕು. ನೀನು ತಲೆಯ ಮೇಲೆ ಕೈ ಹೊತ್ತುಕೊಂಡೆ. "ಲೇ, ಯಾರ್ ಬೇಕಾದ್ರೂ ಬಾರ ಬಿತ್ತು ಅಂತ ಎಂಟು ಒತ್ಬೋದಲ್ಲೇ! ಅಂಥ ಆಟನ ನೆಟ್‌ನಲ್ಲಿ ಹೆಂಗ್ ಆಡ್ಸೋದು?" ನಂಬಬೇಕು ಕಣೇ ಅಂದೆ ನಾನು. "ಚೌಕಾಬಾರದಲ್ಲಿ ಯಾರೇ ಯಾರನ್ನ ನಂಬಿದಾರೆ?" ಅಂದೆ ನೀನು. ಎರಡೂ ಇಡಿ, ಆಡುವವರು ಬೇಕಾದದ್ದನ್ನು ಆರಿಸಿಕೊಳ್ಳಲಿ ಅಂತ ಲಿಸ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದರು. ಆ ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ದನಿಯಲ್ಲಿ ಸಾಧ್ಯವೇ ಇಲ್ಲ ಅಂದೆವು. ಸೋಲುವವರು ಆಟದ ಮಧ್ಯದಲ್ಲಿ ಕವಡೆ ಬದಲಾಯಿಸುತ್ತಾರೆ ಅಂತ ನಮಗೆ ಗೊತ್ತಿಲ್ಲವೇ!

ದಸರೆ ಕಳೆದ ಮೇಲೆ, ವಿನ್ಯಾಸದ ಭಿನ್ನಾಭಿಪ್ರಾಯಗಳ ಕಾರಣ ಅಂತ ಲಿಸ್ಟಿಗೆ ಬರೆದು ನೀನು ಹೊಸ ಪ್ರಾಜೆಕ್ಟ್ ಘೋಷಿಸಿದೆ. ಕವಡೆ ಹಾಕುವುದು ಕಂಪ್ಯೂಟರೇ, ಆಡುವುದು ನೆಟ್ಟಿನಲ್ಲಿ, ಹೆಸರು 'ಬಾರ'. ನನ್ನ ಬಳಿ 'ಚೌಕಾಬಾರ' ಉಳಿಯಿತು. ಹೆಸರಿನಲ್ಲೂ ಅರ್ಧ ಕಿತ್ತುಕೊಂಡು ಹೋದೆಯಲ್ಲೇ ಕಳ್ಳಿ! ಆ ಹೆಸರು ನೆನೆದಾಗಲೆಲ್ಲ ಈಗಲೂ ನಗು ಬರುತ್ತದೆ. ಕೋಡ್ ಬರೆದವರ ಹೆಸರುಗಳಲ್ಲಿ ನನ್ನದನ್ನು ಮೊದಲೇ ಇಟ್ಟಿದ್ದೀಯ, ಅದನ್ನೂ ನೋಡಿದೆ.

ಈಗ ಕೆಳಗಿನ ಮನೆಯ ಬದ್ರುನ್ನೀಸಾ ಆಂಟಿಯ ಕತೆ ಕೇಳು. ಶಿವಾಜಿನಗರದ ಅಂಗಡಿಗಳಿಗೆ ಬಟ್ಟೆ ಹೊಲಿದು ಕೊಡುತ್ತಾರಲ್ಲ, ಅವರೇ. ಅವರ ತಂಗಿ ಇರುವುದು ಹುಬ್ಬಳ್ಳಿಯಲ್ಲಿ. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಜಗುಲಿಯ ಮೇಲೆ ಬರೆದು ಆಡುತ್ತಿದ್ದ ಆಟವಂತೆ ಇದು. ಇಬ್ಬರ ಮನೆಯಲ್ಲೂ ಕಂಪ್ಯೂಟರಿದೆ ಅಂತ ತಿಳಿದು ನಾನು ಬಹಳ ಜಂಬದಿಂದ ನನ್ನ ಆಟ ಕೊಟ್ಟೆ. ಇಬ್ಬರೂ ಅವರವರ ಮನೆಯಲ್ಲಿ ಕವಡೆ ಹಾಕಿ, ಬಿದ್ದದ್ದನ್ನು ಫೋನಿನಲ್ಲಿ ಹೇಳಿಕೊಳ್ಳಿ ಅಂದೆ. ವಾರ ಕಳೆಯುವುದರೊಳಗೆ ಆಂಟಿ ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದರು. "ರೇವತಿ, ಯೇ ನಹೀ ಹೋತಾ ಮಾ. ನನ್ನ ತಂಗಿ ಜಿಂದಗೀಲಿ ಒಂದು ಸುಳ್ಳು ಹೇಳಿಲ್ಲ. ಕೌಡಿ ಹಿಡಿದ್ರೆ ಮಾತ್ರ ಅವಳಿಗೆ ಎಲ್ಲಾ ಸಲ ಎಂಟೇ ಬೀಳ್ತದೆ!" ಸ್ವಂತ ತಂಗಿಯನ್ನು ನಂಬಬೇಡವೇ ಆಂಟಿ ಅಂದೆ. "ತಂಗೀನ ನಂಬ್ತೀನಿ. ಕೌಡೀಲಿ ನಂಬಲ್ಲ," ಅಂದರು.

ಅವರ ಹಿಂದೆಯೇ ಕೆಳಗೆ ಹೋಗಿ ನಿನ್ನ 'ಬಾರ' ಹಾಕಿಕೊಟ್ಟೆ. ಈಗ ಮಧ್ಯಾಹ್ನವಾದರೆ ಸಾಕು, ಹೊಲಿಗೆ ಮೆಷಿನ್ ಸದ್ದು ನಿಲ್ಲುತ್ತದೆ, ಆಂಟಿಯ ನಗು ಮೇಲಿನವರೆಗೆ ಕೇಳುತ್ತದೆ. ಹುಬ್ಬಳ್ಳಿಯ ಕಾಯಿ ಹೊಡೆದ ದಿನ ನಮಗೆಲ್ಲ ಶೀರ್ ಖುರ್ಮಾ ಬಂತು. ದೂರದವರಿಗೆ ನಿನ್ನ ಆಟವೇ ಸರಿ ರಮ್ಯಾ, ಒಪ್ಪಿದೆ. ಅಮ್ಮ ಮಾತ್ರ ಈಗಲೂ ಆ ಪೆಟ್ಟಿಗೆಯ ಕವಡೆ ಮುಟ್ಟುವುದಿಲ್ಲ, ಅವಳಿಗೆ ನನ್ನದು. ಬೇರೆಯಾಗದಿದ್ದರೆ ನಾವು ಇಷ್ಟು ಹೊತ್ತಿಗೂ ಕಿತ್ತಾಡುತ್ತಾ ಕೂತಿರುತ್ತಿದ್ದೆವು, ಅಮ್ಮ, ಆಂಟಿ ಇಬ್ಬರಲ್ಲಿ ಯಾರಿಗೂ ಆಡಲು ಏನೂ ಸಿಗುತ್ತಿರಲಿಲ್ಲ.

ಕಾಯಿ ಹೊಡೆದವರಿಗೆ ಇನ್ನೊಂದು ಸಲ ಕವಡೆ ಸಿಗಬೇಕಲ್ಲ, ನಿನ್ನ ಆಟ ಅದನ್ನು ಆಗಾಗ ಮರೆಯುತ್ತಿತ್ತು. ಆಂಟಿ ನನ್ನ ಮೇಲೆ ರೇಗಿದರು, ನಾನು ಕೋಡ್ ತಿದ್ದಿ ಆ ಪ್ಯಾಚ್ ನಿನಗೆ ಕಳಿಸಿದೆ. ನಿನ್ನಿಂದ ಬಂದ ಉತ್ತರ: "ಆತ್ಮೀಯ ಕೊಡುಗೆದಾರರೇ, ನಿಮ್ಮ ತಿದ್ದುಪಡಿಗಾಗಿ ಧನ್ಯವಾದಗಳು." ಕೊಡುಗೆದಾರರಂತೆ! ಪಾಲಿಟೆಕ್ನಿಕ್ಕಿನ ಮೂರು ವರ್ಷವೂ ನಿನ್ನ ಡಬ್ಬಿಯ ಚಿತ್ರಾನ್ನದಿಂದ ಕಡಲೆಬೀಜ ಹೆಕ್ಕಿ ತಿಂದವಳಿಗೆ ಈ ಮರ್ಯಾದೆ. ನಾನೇನು ಬಿಟ್ಟೆನೇ? ನೀನು ನನ್ನ ಆಟದ ಬಣ್ಣಗಳನ್ನು ಸರಿಮಾಡಿ ಕಳಿಸಿದಾಗ "ಮಾನ್ಯರೇ, ತಮ್ಮ ಪ್ಯಾಚ್ ತಲುಪಿದೆ" ಅಂತ ಬರೆದೆ. ದೊಮ್ಮಲೂರಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಲಕ್ಷ್ಮಿಕಾಂತನೂ ಆ ಲಿಸ್ಟ್ ಓದುತ್ತಾನೆ. "ಏನ್ ಗುರು, ಇಬ್ರೂ ತಾಲ್ಲೂಕ್ ಆಫೀಸ್ ಥರ ಬರ್ಕೋತಿದೀರಾ," ಅಂತ ಅವನು ಬಿದ್ದು ಬಿದ್ದು ನಕ್ಕ. ಮಾತು ಬಿಟ್ಟವರು ಪ್ಯಾಚ್ ಬಿಟ್ಟಿಲ್ಲ ನೋಡು, ನಮ್ಮಂಥ ಪೆದ್ದಿಗಳು ಇನ್ನೆಲ್ಲಿ ಸಿಗುತ್ತಾರೆ!

ಇಂದಿರಾನಗರದಲ್ಲಿ ನಮ್ಮ ಗುಂಪಿನ ಸಭೆ ನಡೆಸುವ ಅಂಬಣ್ಣ ಸರ್ ಮೊನ್ನೆ ಸಿಕ್ಕಿದ್ದರು. ಮಾರ್ಚಿನಲ್ಲಿ ಸಾಫ್ಟ್‌ವೇರ್ ಮೇಳವಂತೆ, ನಮ್ಮಿಬ್ಬರಿಗೂ ಸೇರಿ ಒಂದೇ ಟೇಬಲ್ ಕೊಟ್ಟಿದ್ದಾರೆ. "ಇರೋದೇ ಅಷ್ಟು ಕಣಮ್ಮ. ಆ ಕಡೆ ಅವ್ರು, ಈ ಕಡೆ ನೀವು. ಜಗಳ ಆಡ್ತೀರ ಅನ್ನೋದಾದ್ರೆ ಮಧ್ಯ ಒಂದ್ ಹೂಕುಂಡ ಇಡಿಸ್ತೀನಿ," ಅಂದರು. ಕುಂಡ ಬೇಡ ಸರ್ ಅಂದೆ. ಆದರೆ ನನಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ತಿಂಗಳಾದ ಮೇಲೆ ನಾವು ಮೊದಲ ಸಲ ಮುಖ ನೋಡಿ ಮಾತಾಡುವುದು ಅಷ್ಟು ಜನರ ಎದುರಿಗೆ, ಆ ಟೇಬಲಿನ ಹಿಂದೆ ನಿಂತುಕೊಂಡು ಅಂತಾದರೆ ನನ್ನ ಕೈಲಾಗದು. ಅಲ್ಲೂ "ಮಾನ್ಯರೇ" ಅಂದುಬಿಡುತ್ತೇನೇನೋ.

ಅದಕ್ಕೇ, ಬರುವ ಭಾನುವಾರ ಊಟಕ್ಕೆ ಬಾ. ಎರಡು ಆಟವನ್ನು ಮತ್ತೆ ಒಂದು ಮಾಡೋಣ ಅಂತ ಕರೆಯುತ್ತಿಲ್ಲ, ಅವು ಅವುಗಳ ಪಾಡಿಗೆ ಚೆನ್ನಾಗಿವೆ. ನೀನಿಲ್ಲದೆ ನನಗೆ ಭಾನುವಾರ ಹೋಗುವುದಿಲ್ಲ, ಅಷ್ಟೇ. ಅಂದು ಶಿವರಾತ್ರಿ, ಅಮ್ಮನದು ಉಪವಾಸ. ಆದರೆ ನಿನಗೆಂದರೆ ಎಣ್ಣೆಗಾಯಿ ಮಾಡುತ್ತಾಳೆ.

ನಿಮ್ಮಮ್ಮ ಯಶೋದಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಅಪ್ಪ ಅಮ್ಮ ನಿನಗೆ ತುಂಬು ಆಶೀರ್ವಾದ ಹೇಳಿದ್ದಾರೆ. ನಿನ್ನ ಆಟಕ್ಕೆ ಊರೂರಲ್ಲಿ ಆಡುವವರು ಹುಟ್ಟಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ,
ರೇವತಿ

ತಾ.ಕ.: ಕವರು ಅಂಟಿಸುವ ಮುಂಚೆ ಇದೊಂದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಬಂದು ಎದುರಿಗೆ ಕೂತರೂ ಬೇರೇನೋ ಹರಟಿ ಕಳಿಸಿಬಿಡುತ್ತೇನೆ. ನೀನು ಬೇರೆಯಾಗಿದ್ದಕ್ಕೆ ನನಗೆ ನೋವಾಗಲಿಲ್ಲ ರಮ್ಯಾ. ನಿನ್ನ ಘೋಷಣೆ ಬಂದ ಆ ಸೋಮವಾರ ಬೆಳಿಗ್ಗೆ ಲಕ್ಷ್ಮಿಕಾಂತ ಕುರ್ಚಿ ತಿರುಗಿಸಿ, "ಏನ್ರೀ, ನಿಮ್ ಫ್ರೆಂಡ್ ಬೇರೆ ಆಗ್ಬಿಟ್ರಂತಲ್ಲ?" ಅಂದಾಗ ನನಗೆ ಏನೂ ಗೊತ್ತಿರಲಿಲ್ಲ. ಅವನ ಪರದೆಯ ಮೇಲೆ ಬಗ್ಗಿ ಓದಿದೆ. ಹಿಂದಿನ ದಿನವಷ್ಟೇ ನೀನು ನಮ್ಮ ಮನೆಯಲ್ಲಿ ಉಂಡು, ಸಂಜೆಯವರೆಗೂ ಅಮ್ಮನ ಜೊತೆ ಹರಟಿ ಹೋಗಿದ್ದೆ. ಬಸ್‌ಸ್ಟಾಪಿನಲ್ಲಿ, ಮುಂದಿನ ವಾರ ಬರ್ತೀಯಲ್ಲ ಅಂತ ನಾನು ಕೇಳಿದ್ದಕ್ಕೆ ನೀನು "ಬರ್ದೇ ಇನ್ನೆಲ್ಲಿಗೇ ಹೋಗ್ಲಿ" ಅಂದೆ. ಅಷ್ಟು ಅಚ್ಚುಕಟ್ಟಾದ ಘೋಷಣೆ ಮನೆಗೆ ಹೋಗಿ ಗಡಿಬಿಡಿಯಲ್ಲಿ ಬರೆದದ್ದಲ್ಲ, ಬಸ್ಸು ಹತ್ತುವಾಗಲೇ ಅದು ನಿನ್ನ ಹತ್ತಿರ ತಯಾರಿತ್ತು. ಕೋಡ್ ತೆಗೆದುಕೊಳ್ಳಲು ನನ್ನನ್ನು ಕೇಳಬೇಕಾಗಿರಲಿಲ್ಲ, ಲೈಸೆನ್ಸಿನಲ್ಲಿ ನಾವೇ ಹಾಗೆ ಬರೆದಿದ್ದೇವೆ. ನನಗೆ ಹೇಳಬೇಕಿತ್ತು. ಬರುವ ಭಾನುವಾರ ಬರಲು ನಿನಗೆ ಮನಸ್ಸಿಲ್ಲದಿದ್ದರೆ, ಬರಲ್ಲ ಅಂತ ನನಗೇ ಹೇಳು.