ಯಾವ ತೋಪು, ಅಪ್ಪಾ?

ನನ್ನ ಅಪ್ಪನಿಗೆ,

ಆಸ್ಪತ್ರೆಯ ಆ ಸಂಜೆ ನೆನಪಿದೆಯಾ? ಆಕ್ಸಿಜನ್ ಮಾಸ್ಕ್ ಸರಿಸಿ, ಒಂದೊಂದೇ ಮಾತು ಕಿತ್ತು ಹೇಳಿದೆ: "ಒಂದ್ ಹಿಡಿ ಬೂದಿ... ತೋಪಿನ ಬಾಜೂಕ ಹಾಕ್ರಿ." ಅಷ್ಟೇ. ಯಾವ ತೋಪು ಅಂತ ಕೇಳುವಷ್ಟರಲ್ಲಿ ನರ್ಸ್ ಬಂದು ಮಾಸ್ಕನ್ನು ಮತ್ತೆ ಮೂಗಿಗೆ ಕೂರಿಸಿದಳು. ಆ ಒಂದು ಪ್ರಶ್ನೆ ಕೇಳಿಬಿಟ್ಟಿದ್ದರೆ ನಾನು ಇವತ್ತು ಹೈದರಾಬಾದಿನ ಕೂಕಟ್‌ಪಲ್ಲಿಯ ಈ ಬಾಲ್ಕನಿಯಲ್ಲಿ ತಲೆ ಕೆಟ್ಟು ಕೂರುತ್ತಿರಲಿಲ್ಲ.

ಭೀಮಾ ನದಿಯಲ್ಲಿ ನಿನ್ನ ಬೂದಿ ಬಿಟ್ಟ ದಿನ ಅವ್ವ ಒಂದು ಹಿಡಿ ಬೇರೆ ಕುಡಿಕೆಯಲ್ಲಿ ತೆಗೆದಿಟ್ಟುಕೊಂಡಳು. "ತೋಪಂದ್ರ ನಮ್ಮೂರ ಹುಣಸಿ ತೋಪು. ಮತ್ಯಾವುದು ಇರ್ತೈತಿ?" ಅಂದಳು. ಯಾದಗಿರಿಯಿಂದ ಜೀಪು ಮಾಡಿಕೊಂಡು ಊರಿಗೆ ಹೋಗಿ, ಹುಣಸೆ ಮರಗಳ ನಡುವೆ ಗುಂಡಿ ತೋಡಿ, ನಿನ್ನನ್ನು ಇಟ್ಟು, ಮೇಲೆ ನೀರೆರೆದು ಬಂದೆವು. ತೋಪು ಅಂದರೆ ಮರಗಳ ಗುಂಪೂ ಹೌದು, ಕೋಟೆಯ ಮೇಲಿನ ಫಿರಂಗಿಯೂ ಹೌದು ಅನ್ನುವುದು ಆಗ ನನ್ನ ತಲೆಗೆ ಹೋಗಲೇ ಇಲ್ಲ. ನಮ್ಮ ಪಕ್ಕದ ಮನೆಯ ಹುಡುಗರ ತೆಲುಗಿನಲ್ಲಂತೂ ತೋಪು ಅಂದರೆ ಮಹಾಶೂರ! ನೀನು ಯಾವ ಅರ್ಥದಲ್ಲಿ...

ಶಂಶಾಬಾದ್ ಏರ್‌ಪೋರ್ಟಿನಲ್ಲಿ ನನಗೆ ಕೆಲಸ ಸಿಕ್ಕಾಗ ನೀನು ನಕ್ಕಿದ್ದೆ, "ನನ್ನನ್ನ ಕಳಸಾಕ ಬರ್ತಿದ್ದಾಕಿ, ಈಗ ಊರ ಮಂದೀನ್ನೆಲ್ಲಾ ಕಳಸಾಕಿ ಆದ್ಯಲ್ಲ" ಅಂತ. ಆ ಕೆಲಸದ ರಿಯಾಯಿತಿ ಟಿಕೆಟ್ಟಿನಲ್ಲೇ ಈ ಸಲದ ರಜೆಯಲ್ಲಿ ನಾನು, ನಿನ್ನ ಅಳಿಯ ಇಬ್ಬರೂ ನೀನು ದುಡಿದ ಊರಿಗೆ ಹೋಗಿ ಬಂದೆವು. ಕೆಂಪು ಸಮುದ್ರದ ದಂಡೆ. ಸಮುದ್ರದ ನೀರನ್ನು ಸಿಹಿ ಮಾಡುವ ಆ ಕಾರ್ಖಾನೆ ಹೊರಗಿನಿಂದಷ್ಟೇ ಕಂಡಿತು. ನೀನು ಫಿಟ್ಟರ್ ಆಗಿ ವರ್ಷಗಟ್ಟಲೆ ಬೆವರು ಸುರಿಸಿದ ಜಾಗಕ್ಕೆ ನಮ್ಮನ್ನು ಒಳಗೆ ಬಿಡಲಿಲ್ಲ. ನನಗೆ ಭಾರಿ ಸಿಟ್ಟು ಬಂತು.

ಸಿಟ್ಟಿನಲ್ಲೇ ದಂಡೆಯ ಕೋಟೆಗೆ ಹೋದೆವು. ಆಟೋಮನ್ ತುರ್ಕರು ಬಂದರನ್ನು ಕಾಯಲು ಕಟ್ಟಿಸಿದ್ದಂತೆ. ಗೋಲ್ಕೊಂಡ ನೋಡಿದವರ ಕಣ್ಣಿಗೆ ಅದು ಯಾವ ಮೂಲೆಗೆ? ನಮ್ಮೂರ ಗೌಡರ ವಾಡೆಯಷ್ಟಿತ್ತು. ನಾಲ್ಕು ಬುರುಜು, ಉಪ್ಪುಗಾಳಿಗೆ ಸವೆದ ಗೋಡೆ. "ಇಷ್ಟಕ್ಕ ಇಷ್ಟ್ ದೂರ ಬಂದ್ವೇನು?" ಅಂದ ನಿನ್ನ ಅಳಿಯ. ನಾನು ಬುರುಜು ಹತ್ತಿದೆ. ಅಲ್ಲಿ ಸಮುದ್ರದ ಕಡೆ ಬಾಯಿ ಮಾಡಿಕೊಂಡು ತುಕ್ಕು ಹಿಡಿದ ಒಂದು ಫಿರಂಗಿ ಇತ್ತು.

ಗೌಸ್ ಚಾಚಾ ನೆನಪಾದರು. ಅಲ್ಲಿ ನಿನ್ನ ರೂಮಿನಲ್ಲೇ ಇದ್ದವರು, ಈಗ ಇಲ್ಲೇ ಅಬಿಡ್ಸಿನಲ್ಲಿ ಹಳೇ ಪುಸ್ತಕದ ಅಂಗಡಿಯಲ್ಲಿ ಕೂರುತ್ತಾರೆ. ಖುಷಿಯಾಗಲಿ ಅಂತ ವಿಡಿಯೋ ಕಾಲ್ ಮಾಡಿ ಎಲ್ಲ ತೋರಿಸಿದೆ. ಅವರು ಅಂಗಡಿಯಲ್ಲೇ ಎದ್ದು ನಿಂತುಬಿಟ್ಟರು. "ಅರೇ ಬೇಟಿ, ವೋಹಿಚ್ ತೋಪ್! ತುಮ್ಹಾರೇ ಬಾವಾ ಹರ್ ಜುಮ್ಮಾ ಉಧರಿಚ್ ಬೈಠ್ತೇ ಥೇ. ಕಮ್ರೇ ಮೇ ಸಿಗ್ನಲ್ ನೈ ಆತಾ ಥಾ. ಉಸ್ ತೋಪ್ ಕೇ ಬಾಜೂ ಬೈಠ್‌ಕೋ ಅಮ್ಮಾ ಕೂ ಫೋನ್ ಕರ್ತೇ ಥೇ!"

ತೋಪ್ ಕೇ ಬಾಜೂ. ತೋಪಿನ ಬಾಜೂಕ. ನಾನು ಅದೇ ಫಿರಂಗಿಯ ಪಕ್ಕ ಕೂತೆ. ಶುಕ್ರವಾರದ ರಜೆಯಲ್ಲಿ ಇಲ್ಲಿ ಕೂತು ಅವ್ವನ ಜೊತೆ ಮಾತಾಡುತ್ತಿದ್ದವನನ್ನು ನಾವು ಒಯ್ದು ಹುಣಸೆ ಮರದ ಬುಡಕ್ಕೆ ಹಾಕಿ ಬಂದೆವಾ? ಇಲ್ಲ, ನೀನು ಊರಿನ ತೋಪನ್ನೇ ಅಂದಿದ್ದೆಯಾ? ಸಾಯುವಾಗ ಮನುಷ್ಯನಿಗೆ ಹುಟ್ಟಿದ ಊರು ನೆನಪಾಗುತ್ತದೋ, ದುಡಿದ ಊರು ನೆನಪಾಗುತ್ತದೋ? ನನ್ನ ಮುಂದೆ ನೀನು ಈ ಫಿರಂಗಿಯ ಸುದ್ದಿ ಯಾವತ್ತೂ ಎತ್ತಿದವನಲ್ಲ. ನನಗೆ ತಂದದ್ದು ಚಾಕಲೇಟು, ಹೇಳಿದ್ದು ಒಂಟೆಯ ಕಥೆ. ವಿಮಾನದಲ್ಲಿ ಬರುವಾಗಲೂ ಇದೇ ಯೋಚನೆ. ಅವ್ವನಿಗೆ ಹೇಳಲೋ ಬೇಡವೋ, ಹೇಳಿದರೆ ಆ ಜೀವ ತಡೆದೀತೋ ಇಲ್ಲವೋ...

ಕೊನೆಗೆ ಇಲ್ಲಿ ನಮ್ಮ ಅಡುಗೆಮನೆಯಲ್ಲಿ ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದಾಗ ಹೇಳಿಯೇ ಬಿಟ್ಟೆ. "ಅವ್ವಾ, ಅಪ್ಪ ಅಂದಿದ್ದು ಹುಣಸಿ ತೋಪಲ್ಲ ಅನಸ್ತೈತಿ."

ಅವಳು ತಲೆ ಎತ್ತಲಿಲ್ಲ. "ನನಗ ಗೊತ್ತಿತ್ತು."

"ಗೊತ್ತಿತ್ತಾ? ಮತ್ತ ಯಾಕ..."

"ಹುಣಸಿ ಮರದಾಗ ದೆವ್ವ ಇರ್ತಾವಂತ ಸುತ್ತು ಹಾಕಿ ಹೋಗೋ ಮನುಷ್ಯಾ ಅವರು. ಅಲ್ಲಿ ಹಾಕ್ರಿ ಅಂತಾರೇನು? ನನ್ನ ಮುಂದ ಯಾವಾಗಲೂ ಆ ಕಿಲ್ಲೇದ ತೋಪಿನ ಮಾತೇ ಮಾತು. ದುಡಿಯೋ ಕಾಲ ಎಲ್ಲಾ ಆ ಊರಿಗೇ ಕೊಟ್ಟರು. ಒಂದ್ ಹಿಡಿ ಬೂದಿನರ ನಾ ಹೋಗಿ ನೋಡಿ ಬರೋವಂಥಾ ಕಡೆ ಇರಲಿ ಅಂದೆ. ತಪ್ಪಾತೇನು?"

ತಪ್ಪೋ ಸರಿಯೋ, ನನಗೆ ಏನು ತಿಳಿಯುತ್ತದೆ ಅಪ್ಪಾ? ನಿನ್ನ ಕಡೆ ನಿಲ್ಲಲೋ ಅವಳ ಕಡೆ ನಿಲ್ಲಲೋ? ಸುಮ್ಮನಿರಲಾಗದೆ ಗೌಸ್ ಚಾಚಾ ಹೇಳಿದ್ದನ್ನೂ ಹೇಳಿದೆ. ರೂಮಿನಲ್ಲಿ ಸಿಗ್ನಲ್ ಬರುತ್ತಿರಲಿಲ್ಲವಂತೆ, ಅವ್ವನಿಗೆ ಫೋನ್ ಮಾಡಲಿಕ್ಕೇ ನೀನು ಅಲ್ಲಿಗೆ ಹೋಗಿ ಕೂರುತ್ತಿದ್ದೆಯಂತೆ, ಅಂದೆ.

ಅವ್ವನ ಕೈ ನಿಂತಿತು. "ಫೋನಿಗೆ? ನನಗ ಫೋನ್ ಹಚ್ಚಾಕ?" ಅಂದಳು. ಆಮೇಲೆ ಮೆಲ್ಲಗೆ, "ಫೋನಿನ್ಯಾಗ ಬರೇ ಗಾಳಿ ಸಪ್ಪಳ ಬರ್ತಿತ್ತು. ಬಯಲಾಗ ನಿಂತು ಯಾಕ ಮಾತಾಡ್ತಾರ, ರೂಮಿನ್ಯಾಗ ಯಾರನ್ನರ ಇಟ್ಕೊಂಡಾರೇನು ಅಂತ ನಾ ಇಷ್ಟ್ ವರ್ಷ..." ಅಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ದೇವರಾಣೆ, ನನಗೆ ಗೊತ್ತಾಗಲಿಲ್ಲ. ಎಂಥಾ ಮಂದಿ ಅಪ್ಪಾ ನೀವಿಬ್ಬರೂ! ಒಂದು ಮಾತು ಕೇಳಬಾರದಿತ್ತಾ ಅವಳು? ಹೇಳಬಾರದಿತ್ತಾ ನೀನು?

ಮೊನ್ನೆ ಅವ್ವ ನನ್ನನ್ನು ಎಳೆದುಕೊಂಡು ಸ್ಟುಡಿಯೋಗೆ ಹೋದಳು, ಪಾಸ್‌ಪೋರ್ಟ್ ಫೋಟೋಕ್ಕೆ. ಹೌದು, ಊರಿಂದ ಹೈದರಾಬಾದಿಗೆ ಬರಲಿಕ್ಕೇ ಅಂಜುತ್ತಿದ್ದ ಅದೇ ಅವ್ವ. ಫೋಟೋದವನು ತೆಲುಗಿನಲ್ಲಿ "ನವ್ವಕಂಡಿ ಅಮ್ಮಾ, ನವ್ವಕಂಡಿ" ಅಂತ, ನಗಬೇಡಿ ಅಂತ, ಗೋಗರೆಯಬೇಕಾಯಿತು. ಟಿಕೆಟ್ ನಾನು ಮಾಡಿಸುತ್ತೇನೆ, ಬುರುಜು ಹತ್ತುವಾಗ ಕೈಯನ್ನೂ ಹಿಡಿಯುತ್ತೇನೆ. ಅಷ್ಟು ಮಾತ್ರ ನನಗೆ ಸ್ಪಷ್ಟವಾಗಿ ಗೊತ್ತು.

ಈಗಷ್ಟೇ ಚಹಾ ತಂದಿಟ್ಟು ಕೇಳಿದಳು, "ಯಾರಿಗೆ ಬರ್ಯಾಕತ್ತಿ?" ಅಪ್ಪನಿಗೆ ಅಂದೆ. ಹುಚ್ಚಿ ಅನ್ನುತ್ತಾಳೆ ಅಂದುಕೊಂಡರೆ, ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು. "ಹಂಗಾರ ಇದನ್ನೂ ಬರಿ. ಬೂದಿ ಇನ್ನ ಒಯ್ಯಾಕ ಆಗಂಗಿಲ್ಲ, ಮಣ್ಣಾಗಿ ಹೋಗೈತಿ. ಅದರ ಬದಲಿ ನಾನೇ ಬರಾಕತ್ತೀನಿ ಅಂತ."