ಬಿಟ್ಟುಹೋದದ್ದನ್ನು ಕಾಣದ ಯಂತ್ರ

ಉಪಕರಣ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಮ್ಮ ಸಮಿತಿ ಆರಿಸಿದ ಯಂತ್ರವನ್ನು ನಂಬಿ ನಾನು ಒಬ್ಬ ಮನುಷ್ಯನಿಗೆ "ನಿಮ್ಮ ಹೃದಯಕ್ಕೇನೂ ಆಗಿಲ್ಲ" ಎಂದೆ. ಅದೇ ದಿನ, ಮಧ್ಯಾಹ್ನವಾಗುವ ಮೊದಲೇ ಅವರು ತೀರಿಕೊಂಡರು. ಈಗ ಹೊಸ ಕಟ್ಟಡಕ್ಕೂ ಅದೇ ಯಂತ್ರವನ್ನು ತಾವು ಶಿಫಾರಸು ಮಾಡಿರುವುದನ್ನು ಸೂಚನಾ ಫಲಕದಲ್ಲಿ ಓದಿದೆ. ಅದಕ್ಕೇ ಈ ಪತ್ರ, ಎಲ್ಲರೂ ಓದಲಿ ಎಂದೇ.

ನಮ್ಮ ಪ್ರಯೋಗಾಲಯ ಹೃದಯಾಘಾತ ಪತ್ತೆಹಚ್ಚುವ ಕಿಟ್ ತಯಾರಿಸುತ್ತದೆ. ಹೃದಯಕ್ಕೆ ಪೆಟ್ಟಾದಾಗ ಒಂದು ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಕಿಟ್ಟಿನೊಳಗಿನ ಪ್ರತಿಕಾಯ (ಆಂಟಿಬಾಡಿ) ಅದನ್ನು ಹಿಡಿದು, ತೊಳೆದ ಮೇಲೂ ಬಿಡದಿದ್ದರೆ ಬಣ್ಣ ಬರುತ್ತದೆ. ಯಾವ ಪ್ರತಿಕಾಯ ಗಟ್ಟಿ ಎಂದು ಅಳೆಯಲು ಎರಡು ಯಂತ್ರಗಳು ನಮ್ಮ ಮುಂದಿದ್ದವು. ಒಂದು, ಪ್ರೋಟೀನ್ ಬಂದು ಕೂರುವುದನ್ನೂ ಎದ್ದು ಹೋಗುವುದನ್ನೂ ಕ್ಷಣಕ್ಷಣಕ್ಕೂ ತೋರಿಸುವಂಥದ್ದು. ನಿಧಾನ, ಕಲಿಯಲು ತಿಂಗಳುಗಳೇ ಬೇಕು. ಇನ್ನೊಂದು, ತೊಳೆಯುವ ಮೊದಲು ಒಟ್ಟು ಎಷ್ಟು ಅಂಟಿತು ಎಂದಷ್ಟೇ ಹೇಳುವಂಥದ್ದು. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧ, ಪರದೆಯೂ ದೊಡ್ಡದು. ವಿಜ್ಞಾನಕ್ಕೆ ಇನ್ನೇನು ಬೇಕು?

ಹಿಡಿದದ್ದನ್ನು ಬಿಡುವ ವೇಗವನ್ನೂ ಅಳೆಯಬೇಕಲ್ಲ ಎಂದು ಸಮಿತಿಯ ಸಭೆಯಲ್ಲಿ ನಾನು ಬಾಯಿ ತೆರೆದೆ. ತಾವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಿ. "ಅಲ್ಲಮ್ಮಾ, ಮದುವೆ ಆಯ್ತಾ ಅಂತ ಗೊತ್ತಾದ್ರೆ ಸಾಕು. ಸಂಸಾರ ಎಷ್ಟು ದಿನ ನಡೆಯುತ್ತೆ ಅನ್ನೋದು ನಮಗ್ಯಾಕೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೆಯ ಯಂತ್ರದ ಆಯ್ಕೆಗೆ ಸಹಿಯನ್ನೂ ಹಾಕಿದೆ. ಆ ಯಂತ್ರ ಅತಿ ಹೆಚ್ಚು ಅಂಕ ಕೊಟ್ಟ ಪ್ರತಿಕಾಯವೇ ಕಿಟ್ಟಿಗೆ ಹೋಯಿತು.

ಮಾದರಿ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದ ನಮ್ಮ ವ್ಯಾನ್ ಡ್ರೈವರ್ ತಮಗೆ ನೆನಪಿರಬಹುದು. ಐಸು ಕರಗದಿರಲಿ ಎಂದು ಮೈಮೇಲಿನ ಸ್ವೆಟರನ್ನೇ ಪೆಟ್ಟಿಗೆಗೆ ಹೊದಿಸುತ್ತಿದ್ದವರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ನಮ್ಮ ಆವರಣದ ಚಿಕಿತ್ಸಾಲಯದ ವೈದ್ಯರಿಗೆ ಇಸಿಜಿ ನೋಡಿ ಏನೂ ಖಚಿತವಾಗಲಿಲ್ಲ. ಅಲ್ಲಿ ಪ್ರಯೋಗಕ್ಕೆ ಇಟ್ಟಿದ್ದ ನಮ್ಮ ಕಿಟ್ಟನ್ನೇ ನೆಚ್ಚಿಕೊಂಡರು. ನಾನೇ ರಕ್ತ ಹಾಕಿದೆ, ನಾನೇ ತೊಳೆದೆ, ನಾನೇ ಕಾದೆ. ಬಣ್ಣ ಬರಲಿಲ್ಲ.

"ನಿಮ್ಮ ಕೈಯಲ್ಲೇ ಮಾಡಿದ್ದಲ್ವಾ ಅಕ್ಕಾ? ಹಾಗಾದ್ರೆ ಧೈರ್ಯ ಬಂತು," ಎಂದು ತೋಳಿನ ಹತ್ತಿ ಕಿತ್ತೆಸೆದು ಎದ್ದರು. ಹನ್ನೊಂದೂವರೆಗೆ ನೋಡಿದರೆ ವ್ಯಾನಿನ ಎಂಜಿನ್ ನಡೆಯುತ್ತಲೇ ಇತ್ತು. ಅವರು ಸ್ಟೀರಿಂಗ್ ಮೇಲೆ ಒರಗಿದ್ದರು.

ಉಳಿದಿದ್ದ ರಕ್ತವನ್ನೂ ನಮ್ಮ ಪ್ರತಿಕಾಯವನ್ನೂ ಮತ್ತೊಂದು ಸಂಸ್ಥೆಗೆ ಒಯ್ದೆ. ಅಲ್ಲಿಯ ಪರೀಕ್ಷೆಯಲ್ಲಿ ರಕ್ತದ ತುಂಬ ಆ ಪ್ರೋಟೀನ್ ಕಂಡಿತು. ನಾವು ಬೇಡವೆಂದ ಯಂತ್ರವೂ ಅಲ್ಲಿತ್ತು; ನಮ್ಮ ಪ್ರತಿಕಾಯವನ್ನು ಅದರಲ್ಲಿ ಅಳೆದೆವು. ಪರದೆಯ ಮೇಲೆ ಗೆರೆ ಸರಸರನೆ ಏರಿತು: ಹಿಡಿದಿದೆ. ತೊಳೆಯುವ ದ್ರಾವಣ ಹರಿದದ್ದೇ ತಡ, ಎರಡೇ ನಿಮಿಷದಲ್ಲಿ ನೆಲಕಚ್ಚಿತು. ಪಕ್ಕದಲ್ಲಿದ್ದ ತಂತ್ರಜ್ಞ ಮೆಲ್ಲಗೆ ಕೇಳಿದ: "ಇದನ್ನ ಕಿಟ್ಟಿಗೆ ಹಾಕಿಬಿಟ್ಟಿದ್ದೀರಾ ಮೇಡಂ?"

ಇವತ್ತಿಗೂ ಕಿಟಕಿಯ ಕೆಳಗೆ ವ್ಯಾನು ನಿಂತಲ್ಲೇ ಗುರ್ರೆನ್ನುತ್ತಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಇಳಿದು ಹೋಗುತ್ತೇನೆ, ಗಾಜಿನೊಳಗೆ ಇಣುಕುತ್ತೇನೆ. ಹೊಸ ಡ್ರೈವರ್ ತಲೆಯೆತ್ತಿ "ಏನಕ್ಕಾ?" ಎನ್ನುತ್ತಾನೆ. "ಏನೂ ಇಲ್ಲ" ಎನ್ನುತ್ತೇನೆ. ಅಂದು ಅವರಿಗೆ ಹೇಳಿದ್ದೂ ಇದನ್ನೇ.

ಇಷ್ಟನ್ನೂ ವರದಿಯಾಗಿ ಬರೆದು ಕೊಟ್ಟೆ. "ಗಮನಿಸಲಾಗಿದೆ" ಎಂಬ ಷರಾದೊಂದಿಗೆ ಅದು ಮರಳಿತು. ಗಮನಿಸಿದವರು ಯಾರು ಸ್ವಾಮೀ? ಗಮನಿಸಿಯೂ ಅದೇ ಯಂತ್ರಕ್ಕೆ ಶಿಫಾರಸು ಬರೆದ ಕೈ ಯಾರದು?

ಕಿಟ್ಟನ್ನು ಇಂದೇ ಹಿಂಪಡೆಯಿರಿ. ಶಿಫಾರಸನ್ನು ರದ್ದುಪಡಿಸಿ. ಇನ್ನೊಂದು ಕೆಲಸವೂ ಇದೆ. ತೀರಿಕೊಂಡ ಆ ಡ್ರೈವರ್ ಹೆಂಡತಿ ನನ್ನ ಕೈ ಹಿಡಿದು ಕೇಳಿದ್ದರು: "ಟೆಸ್ಟ್‌ನಲ್ಲಿ ಏನೂ ಬಂದಿಲ್ಲ, ಊಟಕ್ಕೆ ಬರ್ತೀನಿ ಅಂತ ಫೋನ್ ಮಾಡಿದ್ರು. ಅಷ್ಟರಲ್ಲಿ ಏನಾಗ್ಹೋಯ್ತು ಅಕ್ಕಾ?" ಭಾನುವಾರ ಹತ್ತು ಗಂಟೆಗೆ ಅವರ ಮನೆಗೆ ಹೋಗುತ್ತಿದ್ದೇನೆ. ತಾವೂ ಬರಬೇಕು. ಬಾರದಿದ್ದರೆ ತಮ್ಮ ಪಾಲಿನದನ್ನೂ ನಾನೇ ಹೇಳಿ ಬರುತ್ತೇನೆ.

ಇಂತಿ,
ಇಷ್ಟು ವರ್ಷ ತಮ್ಮ ವಿಧೇಯಳಾಗಿದ್ದ
ಹಿರಿಯ ಪ್ರಯೋಗಾಲಯ ತಂತ್ರಜ್ಞೆ