ಮೇಲಿನ ಕೋಣೆಗೆ ಮೂರು ರಾತ್ರಿ

ಪಿಯೆವೆಲುಂಗಾ
ಮೇ ೧೪

ನನ್ನ ಮುದ್ದಿನ ಜಗಳಗಂಟಿ ನಾದಿನಿ ಎರ್ಸಿಲಿಯಾ,

ನಿನ್ನ ಭಾವ ಸೆತ್ತಿಮಿಯೊ ಬರೆಯುತ್ತಿದ್ದೇನೆ. ನಿನ್ನ ಮಗಳು ಓದಿ ಹೇಳುತ್ತಾಳೆಂದು ಗೊತ್ತು. ಸಾಂಡ್ರಾ, ನಿಧಾನವಾಗಿ ಓದಮ್ಮ. ನಿಮ್ಮಮ್ಮನಿಗೆ ಜಗಳ ತೆಗೆಯಲು ನಡುನಡುವೆ ಜಾಗ ಬೇಕಾಗುತ್ತದೆ.

ಅಕ್ಟೋಬರಿನ ನಿಮ್ಮ ಪ್ರವಾಸಕ್ಕೆಂದು ಇಟಲಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಅದು ಸುರುಳಿ ಸುತ್ತಿಕೊಳ್ಳದಿರಲೆಂದು ಸಿಸಿಲಿಯ ಮೇಲೆ ಒಂದು ಈರುಳ್ಳಿ ಇಟ್ಟಿದ್ದೇನೆ. ಹೇಗೂ ನೀವು ಆ ಕಡೆ ಹೋಗುವುದಿಲ್ಲ. ನಿನ್ನ ಅಳಿಯ ಗ್ರೆಗ್ ಅಡಿಲೇಡಿನಿಂದ ಕಳಿಸಿದ ಸಂದೇಶದಲ್ಲಿ ‘ಬ್ಯಾಲೆನ್ಸ್’ ಎಂಬ ಮಾತು ಮತ್ತೆಮತ್ತೆ ಬರುತ್ತದೆ. ಮಕ್ಕಳಿಗೆ ದೊಡ್ಡ ಊರುಗಳು, ನಿನಗೆ ಹಳ್ಳಿ, ಎರಡೂ ಸಮ ತೂಗಬೇಕಂತೆ. ಆ ಪದವನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ. ನಿನ್ನ ಅಕ್ಕನನ್ನು ಮದುವೆಯಾದ ಮೇಲೆ ಬಳಸುವ ಪ್ರಸಂಗವೇ ಬರಲಿಲ್ಲ.

ಮೊದಲು ರೋಮ್. ಮೂರು ರಾತ್ರಿ ಹಾಕಿದ್ದೇನೆ. ರೋಮ್ ನೋಡಿದವನ ಭಕ್ತಿ ಅಲ್ಲಿಗೇ ಮುಗಿಯಿತು ಎಂದು ನಿಮ್ಮಪ್ಪ ಹೇಳುತ್ತಿದ್ದರಲ್ಲ, ಅವರೇನೂ ರೋಮ್ ನೋಡಿದವರಲ್ಲ. ಮೊಮ್ಮಕ್ಕಳು ನೋಡಲಿ. ಅವರಿಗೆ ಕಳೆದುಕೊಳ್ಳಲು ಭಕ್ತಿಯೇನೂ ಇದ್ದಂತಿಲ್ಲ. ಅಲ್ಲಿಂದ ರೈಲಿನಲ್ಲಿ ಫ್ಲಾರೆನ್ಸ್, ಎರಡು ರಾತ್ರಿ. ಮದುವೆಯಾದ ಹೊಸತರಲ್ಲಿ ನಾನೂ ನಿನ್ನ ಅಕ್ಕ ಇಲ್ವಾಳೂ ಹೋಗಿದ್ದೆವು. ಆ ದೊಡ್ಡ ಅಮೃತಶಿಲೆಯ ವಿಗ್ರಹ ನೋಡಲು ಅರ್ಧ ದಿನ ಸಾಲಿನಲ್ಲಿ ನಿಂತು, ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಕೊನೆಗೆ ಒಳಗೆ ಹೋಗಿ ತಲೆಯೆತ್ತಿ ನೋಡಿ ಏನೆಂದಳು ಗೊತ್ತೆ? “ಇಷ್ಟೊತ್ತು ನಿಂತಿದ್ದು ಒಬ್ಬ ಬೆತ್ತಲೆ ಗಂಡಸನ್ನ ನೋಡೋಕಾ? ಅಂಥವನು ಮನೇಲೇ ಇದಾನಲ್ಲ.” ಸುತ್ತಲಿದ್ದವರೆಲ್ಲ ನನ್ನತ್ತ ತಿರುಗಿ ಅಳತೆ ಹಾಕಿದರು. ಇದನ್ನು ಮಕ್ಕಳಿಗೆ ಹೇಳಬೇಡ. ಅಥವಾ ಹೇಳು. ಅಜ್ಜಿಯ ಅಕ್ಕ ಹೇಗಿದ್ದಳೆಂದು ಬೇರೆ ಯಾರು ಹೇಳಬೇಕು?

ವೆನಿಸ್‌ಗೆ ಎರಡು ರಾತ್ರಿ ಇಟ್ಟಿದ್ದೆ. ಪಕ್ಕದ ಮನೆಯ ನಜ್ಜರೇನಾ ಬಗ್ಗಿ ನೋಡಿ, ಅಲ್ಲಿ ಕಾಫಿಗೆ ಬೇರೆ, ಕುರ್ಚಿಗೆ ಬೇರೆ ದುಡ್ಡು ಕೀಳುತ್ತಾರೆ, ಎಲ್ಲರೂ ನಿಂತೇ ಕುಡಿಯಲಿ ಎಂದು ಬರೆಯಿರಿ ಎಂದಳು. ಬರೆದಿದ್ದೇನೆ.

ಇನ್ನು ನಿನ್ನ ಪಾಲು. ಸಮುದ್ರದ ಕಡೆಯ ಗುಡ್ಡದಲ್ಲಿ ನಜ್ಜರೇನಾಳ ಅಕ್ಕನ ಮಗಳು ತನ್ನ ತೋಟದಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುತ್ತಾಳೆ ಎಂದು ಹೇಳಿದ್ದೆನಲ್ಲ. ಕೋಣೆಗಳು ನೆಲಮಟ್ಟದಲ್ಲೇ ಇವೆ. ಈಜುಕೊಳ ಇದೆ, ಕತ್ತೆಗಳಿವೆ, ಭಾನುವಾರ ಹದಿನೆಂಟು ಪದರದ ಮಾಂಸದಡುಗೆ ವಿಂಚಿಸ್‌ಗ್ರಾಸ್ಸಿ ಬೇಯಿಸುತ್ತಾಳೆ. ನಿನಗೆ ಹೇಳಿ ಮಾಡಿಸಿದ ಜಾಗ ಎಂದುಕೊಂಡಿದ್ದೆ. ಹೋದ ಭಾನುವಾರ ನೀನು ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ. “ಭಾವ, ಕತ್ತೆ ನೋಡೋಕೆ ನಾನು ಭೂಮಿಯ ಈ ತುದಿಯಿಂದ ಬರ್ಬೇಕಾ? ನಿಮಗೆ ಫೋನ್ ಮಾಡಿದ್ರೆ ಸಾಲದಾ?” ನಾನು ನಕ್ಕೆ. ನೀನು ನಗಲಿಲ್ಲ. ಆಮೇಲೆ ದನಿ ಇಳಿಸಿ, “ನಾನು ಹುಟ್ಟಿದ ಕೋಣೇಲಿ ಒಂದೇ ಒಂದು ರಾತ್ರಿ ಮಲಗ್ಬೇಕು. ಉಳಿದಿದ್ದೆಲ್ಲ ಮಕ್ಕಳಿಗೇ ಇಟ್ಕೊಳ್ಳಿ” ಎಂದೆ.

ನಾನು, ಬಸ್ಸು ಸರಿಯಾಗಿ ಬರುವುದಿಲ್ಲ ಎಂದೆ. ಮೆಟ್ಟಿಲು ಕಡಿದು ಎಂದೆ. ಅಕ್ಟೋಬರಿನಲ್ಲಿ ಬೆಟ್ಟದ ಗಾಳಿ ಮೂಳೆಗೆ ಇಳಿಯುತ್ತದೆ ಎಂದೆ. ಒಂದಕ್ಕೂ ನೀನು ಉತ್ತರ ಕೊಡಲಿಲ್ಲ. ಚಿಕ್ಕಂದಿನಿಂದಲೂ ನಿನ್ನ ಕ್ರಮ ಅದೇ. ಜಗಳ ಆಡಿದರೆ ಗೆಲ್ಲಬಹುದು, ಸುಮ್ಮನಾದರೆ ನಿನ್ನನ್ನು ಗೆದ್ದವರಿಲ್ಲ.

ಆದ್ದರಿಂದ ತಿದ್ದಿದ್ದೇನೆ. ವೆನಿಸ್‌ನಿಂದ ಒಂದು ರಾತ್ರಿ ಕಿತ್ತೆ, ಕತ್ತೆಗಳ ಎರಡು ರಾತ್ರಿಯನ್ನೂ ಕಿತ್ತೆ. ನಿನಗೆ ಒಂದಲ್ಲ, ಮೂರು ರಾತ್ರಿ, ನಿನ್ನ ತವರಿನ ಮೇಲಿನ ಕೋಣೆಯಲ್ಲಿ. ನಿಮ್ಮಪ್ಪ ಅಕ್ರೋಟಿನ ಮರದಲ್ಲಿ ಮಾಡಿದ ಮಂಚವನ್ನು ಕಿಟಕಿಯತ್ತ ಎಳೆದು ಹಾಕುತ್ತೇನೆ. ಎಡಗಡೆಯ ಚಿಲಕ ಈಗಲೂ ಬಿಗಿ. ಅದನ್ನು ಎತ್ತಿಯೇ ತಳ್ಳಬೇಕು, ನಿನಗೆ ನೆನಪಿರಬೇಕು. ಕೆಳಗೆ ಅಂಜೂರ. ತೊಲೆಯ ಮೇಲೆ, ಅಡಿಲೇಡಿಗೆ ಹಡಗು ಹತ್ತಿದ ವರ್ಷ ನೀನು ಚಾಕುವಿನಿಂದ ಕೆತ್ತಿದ ಹಡಗು. ಸುಣ್ಣ ಹೊಡೆಯುವಾಗಲೆಲ್ಲ ನಿನ್ನ ಅಕ್ಕ ಅದನ್ನು ಬಿಟ್ಟೇ ಹೊಡೆಸುತ್ತಿದ್ದಳು. ಮನೆ ಅಳಿಯನಾದ ನನಗೆ ಅದನ್ನು ಮುಟ್ಟುವ ಧೈರ್ಯ ಎಲ್ಲಿಂದ ಬರಬೇಕು?

ಚಳಿಗೆ ಹೆದರಬೇಡ. ಹಾಸಿಗೆಯೊಳಗೆ ಪಾದ್ರಿಯನ್ನು ಇಡುತ್ತೇನೆ. ಕೆಂಡದ ಮಡಕೆ ತೂಗುಹಾಕಿ ಹೊದಿಕೆಯಡಿ ತಳ್ಳುವ ಆ ಮರದ ಚೌಕಟ್ಟಿಗೆ ನಾವು ಪಾದ್ರಿ ಎನ್ನುವುದನ್ನು ವಿವರಿಸದೆ, ‘ನಾನೂ ಅಕ್ಕನೂ ಚಳಿಗಾಲವೆಲ್ಲ ಪಾದ್ರಿಯ ಜೊತೆ ಮಲಗುತ್ತಿದ್ದೆವು’ ಎಂದು ನೀನು ಮೊಮ್ಮಗನಿಗೆ ಹೇಳಿದೆಯಂತೆ. ಅವನು ಅದನ್ನು ಶಾಲೆಯಲ್ಲಿ ಹೇಳಿದ್ದಕ್ಕೆ ಅಲ್ಲಿಯವರು ಸಾಂಡ್ರಾಳನ್ನು ಕರೆಸಿದರಂತೆ. ನಜ್ಜರೇನಾಗೆ ಹೇಳಿದೆ. ಅವಳು ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಮೊದಲ ಬೆಳಿಗ್ಗೆ ಏನೂ ಕೆಲಸವಿಲ್ಲ. ನೀನು ಏಳುವ ತನಕ ಯಾರೂ ಎಬ್ಬಿಸುವುದಿಲ್ಲ. ಎದ್ದ ಮೇಲೆ ಕಾಫಿಗೆ ಒಂದು ಹನಿ ಸೋಂಪಿನ ಸಾರಾಯಿ. ಸಾಂಡ್ರಾ ಅಡ್ಡಿ ಮಾಡಬಾರದು. ಎರಡನೆಯ ದಿನ ಚೆಸ್ಟ್‌ನಟ್ ತೋಪಿನವರೆಗೆ, ಆದಷ್ಟು ದೂರ. ಮೂರನೆಯ ದಿನ ಇಲ್ವಾಳ ಹತ್ತಿರ ಹೋಗಿ ಬರೋಣ. ನೀವಿಬ್ಬರೂ ಮಾತಾಡಿಕೊಳ್ಳಿ, ನಾನು ಸ್ಮಶಾನದ ಗೇಟಿನ ಹೊರಗೆ ನಿಂತಿರುತ್ತೇನೆ.

ಇದರಲ್ಲಿ ಏನು ತಪ್ಪಿದೆಯೋ ಬೈದು ಬರೆಸು. ಬದಲಿಸಿ ಮತ್ತೆ ಕಳಿಸುತ್ತೇನೆ.

ನಿನ್ನ ಅಕ್ಕನ ಪಾಲಿನ ಮುತ್ತನ್ನೂ ಸೇರಿಸಿ,
ನಿನ್ನ ಭಾವ
ಸೆತ್ತಿಮಿಯೊ

ಮತ್ತೆ: ಸಾಂಡ್ರಾ, ಇಲ್ಲಿಂದ ಮುಂದೆ ಜೋರಾಗಿ ಓದಬೇಡ. ಇದನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಓದಲು ಬಾರದ ನಿನ್ನ ತಾಯಿ ಭೂತಗನ್ನಡಿ ಹಿಡಿದು ಇಣುಕಿದರೂ ತಿಳಿಯಬಾರದು. ನನಗೆ ಬರುವುದು ಎರಡು ವರ್ಷದ ಕಾಲೇಜಿನ ಇಂಗ್ಲಿಷ್. ಅದರಲ್ಲೂ ಅರ್ಧ ಹೋಗಿದೆ. ಸಣ್ಣ ವಾಕ್ಯ ಮಾತ್ರ ಉಳಿದಿದೆ.

ನಿನ್ನ ಪತ್ರ ಬಂತು. ಡಾಕ್ಟರ್ ಹೇಳಿದ್ದು ಓದಿದೆ. ಅವಳು ಅಕ್ಟೋಬರ್ ನೋಡುವುದಿಲ್ಲ. ನೀವು ಟಿಕೆಟ್ ತೆಗೆದಿಲ್ಲ. ಸರಿ. ಪ್ರವಾಸದ ಮಾತು ಕೇಳಿದ ದಿನ ಅಮ್ಮ ಎರಡು ತುತ್ತು ಹೆಚ್ಚು ತಿನ್ನುತ್ತಾಳೆ, ಬರೆಯುತ್ತಿರಿ ಎಂದು ನೀನು ಕೇಳಿಕೊಂಡೆ. ಬರೆದಿದ್ದೇನೆ.

ಈಗ ನನ್ನ ವಿಷಯ. ಆ ಮನೆ ಇಲ್ಲ. ಭೂಕಂಪದಲ್ಲಿ ಗೋಡೆ ಬಿರುಕು ಬಿಟ್ಟಿತು ಎಂದಷ್ಟೇ ನಿಮಗೆ ಹೇಳಿದ್ದೆ. ಆಮೇಲೆ ಊರಿಗೆ ಬೇಲಿ ಹಾಕಿದರು. ಮನೆ ಕಟ್ಟಿಕೊಡುತ್ತೇವೆ ಎಂದು ಪ್ರತಿ ವಸಂತದಲ್ಲೂ ಹೇಳಿದರು. ಈ ಮಾರ್ಚಿನಲ್ಲಿ ಯಂತ್ರ ಬಂತು. ಬೆಳಿಗ್ಗೆ ಶುರುವಾಯಿತು. ಊಟದ ಹೊತ್ತಿಗೆ ಆಕಾಶ ಕಾಣುತ್ತಿತ್ತು. ಅಂಜೂರದ ಮರವೂ ಹೋಯಿತು. ಸ್ಮಶಾನ ಇನ್ನೂ ಬೇಲಿಯ ಒಳಗೇ ಇದೆ. ನನ್ನನ್ನೂ ಒಳಗೆ ಬಿಡುವುದಿಲ್ಲ. ಊರ ಕೆಳಗೆ ಸರಕಾರ ಕೊಟ್ಟ ಮರದ ಗೂಡುಗಳಿವೆ. ಒಂದರಲ್ಲಿ ನಾನು, ಪಕ್ಕದ್ದರಲ್ಲಿ ನಜ್ಜರೇನಾ.

ನಾನು ಬರೆಯುವುದನ್ನು ನೋಡಿ ಅವಳು, “ಇಲ್ಲದ ಮನೆಗೆ ನೆಂಟರನ್ನ ಕರೀತಿದೀರಲ್ಲ, ನಾಚಿಕೆ ಆಗಲ್ವಾ?” ಎಂದಳು. ಆಮೇಲೆ ಕುರ್ಚಿ ಎಳೆದು ಕೂತಳು. ಚಿಲಕ ಎಡಗಡೆ ಇತ್ತು ಎಂದು ಹೇಳಿದವಳು ಅವಳೇ. ನಾನು ಬಲಗಡೆ ಎಂದು ಬರೆದಿದ್ದೆ.

ನಿಮ್ಮಮ್ಮ ಬರುವುದಿಲ್ಲ. ಮನೆ ಇಲ್ಲ. ಹಾಗಾಗಿ ಸುಳ್ಳು ಸಿಕ್ಕಿಬೀಳುವ ಭಯವಿಲ್ಲ ಎಂದುಕೊಂಡಿದ್ದೆ. ಆದರೆ ಒಂದು ವಿಷಯ ಹೇಳಬೇಕು. ಫೋನಿನಲ್ಲಿ ಅವಳು ಮೆಟ್ಟಿಲು ಕೇಳುತ್ತಾಳೆ, ಮಂಚ ಕೇಳುತ್ತಾಳೆ, ಅಂಜೂರ ಹಣ್ಣಾಯಿತೇ ಎಂದು ಕೇಳುತ್ತಾಳೆ. ಆ ಬಿರುಕು ಏನಾಯಿತು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಈಗ ಈ ಪತ್ರವನ್ನು ಮೊದಲಿನಿಂದ ಓದಿ ನೋಡಿದೆ. ‘ನಿನ್ನ ಆರೋಗ್ಯ ಹೇಗಿದೆ’ ಎಂದು ನಾನೂ ಅವಳನ್ನು ಎಲ್ಲೂ ಕೇಳಿಲ್ಲ. ಸೇರಿಸೋಣ ಎಂದು ಪೆನ್ನು ಎತ್ತಿದೆ. ಸೇರಿಸಲಿಲ್ಲ. ನಾನು ಕೇಳದೆ ಬಿಟ್ಟದ್ದು ಅವಳ ಗಮನಕ್ಕೆ ಬಾರದೆ ಇರುವುದಿಲ್ಲ.